ಗೌರಿಯ ಕಿವಿಯಲ್ಲಿ ವಾಸವಾಗಿರುವ ಉಣ್ಣಿಯವರಿಗೆ

ದೊಡವಾಡ, ೨೦೦೬ರ ಮಳೆಗಾಲ

ನಮ್ಮ ಎಮ್ಮೆ ಗೌರಿಯ ಎಡಗಿವಿಯ ಖಾಯಂ ನಿವಾಸಿಗಳೂ, ಅವಳ ರಕ್ತದ ಮೇಲೆಯೇ ಸುಖವಾಗಿ ಸಂಸಾರ ಬೆಳೆಸಿದವರೂ ಆದ ಮಾನ್ಯ ಉಣ್ಣಿಯವರೇ, ಕಿರಾಣಿ ಅಂಗಡಿಯ ಅಂದಾನೆಪ್ಪನ ನಮಸ್ಕಾರಗಳು. ಮಣಿಕಟ್ಟು ಇನ್ನೂ ಬಾಗದ ಕಾರಣ ಕೈ ಸರಿಯಾಗಿ ಜೋಡಿಸಲಾಗಲಿಲ್ಲ, ಅಗೌರವವೆಂದು ತಿಳಿಯಬಾರದು.

ತಮ್ಮ ಮೇಲೆ ನನ್ನ ದೂರು ಇಷ್ಟೇ: ತಾವು ನಿರಪರಾಧಿಯಾಗಿದ್ದೂ ಬಾಯಿ ಬಿಡಲಿಲ್ಲ, ಅದರಿಂದ ಗೌರಿ ಕಂಡವರ ಪಾಲಾಗುತ್ತಿದ್ದಳು.

ಬೇಸಿಗೆಯ ಕೊನೆಗೆ ಜ್ವರ ಬಂದು, ಕೀಲುಗಳೆಲ್ಲ ಹಿಡಿದುಕೊಂಡು ನಾನು ಹಾಸಿಗೆ ಹಿಡಿದದ್ದು ತಮಗೆ ಗೊತ್ತೇ ಇದೆ. ನೋಡಲು ಬಂದವರು ಯಾರೂ ಬರಿಗೈಯಲ್ಲಿ ಬರಲಿಲ್ಲ, ಒಬ್ಬೊಬ್ಬರು ಒಂದೊಂದು ರೋಗ ತಂದರು. ಎದುರುಮನೆಯ ಬಾಯವ್ವ ವಾತವೆಂದಳು, ಅವಳ ಗಂಡ ಟೈಫಾಯ್ಡ್ ಎಂದ, ಅಂಗಡಿಯ ಗಿರಾಕಿಗಳು ಸಾಮಾನು ಉದ್ರಿ ಕೇಳಿದರೆ ಅಂಗಡಿಯವನಿಗೆ ಬರುವ ಜ್ವರವೆಂದರು. ಕೊನೆಗೆ ಬೈಲಹೊಂಗಲದಲ್ಲಿ ಔಷಧದ ಅಂಗಡಿ ಇಟ್ಟಿರುವ, ಇಂಗ್ಲಿಷ್ ಪತ್ರಿಕೆಗಳನ್ನು ಓದಿ ಓದಿ ಅರ್ಧ ಡಾಕ್ಟರಾಗಿರುವ ಅಳಿಯ ನಿಂಗರಾಜರು ದಯಮಾಡಿಸಿ, ನನ್ನ ಅಂಗಿ ಎತ್ತಿ ಬೆನ್ನು ನೋಡಿದರು. ಅಲ್ಲೊಂದು ಸಣ್ಣ ಕಡಿತ, ಅದರ ಸುತ್ತ ದುಂಡಗಿನ ಕೆಂಪು ಉಂಗುರ.

“ಮಾವಾರ, ಇದು ಲೈಮ್ ರೋಗ ಐತ್ರಿ! ಅಮೆರಿಕಾದಾಗ ಉಣ್ಣಿ ಕಡದ್ರ ಹಿಂಗ ಕೆಂಪು ಉಂಗುರ ಮೂಡತೈತಿ, ಆಮ್ಯಾಲ ಕೀಲು ಹಿಡಿತಾವು” ಎಂದು ಅವರು ಕುಣಿದಾಡಿದರು.

ಸುಳ್ಳೇಕೆ ಹೇಳಲಿ, ನನಗೂ ಹೆಮ್ಮೆಯಾಯಿತು. ನಮ್ಮೂರಿಗೆ ಬಸ್ಸೇ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಅಂಥದರಲ್ಲಿ ಅಮೆರಿಕಾದ ರೋಗ ನೇರವಾಗಿ ನನ್ನ ಬೆನ್ನಿಗೇ ಬಂದಿತ್ತು. ಆದರೆ ಉಣ್ಣಿ ಇರುವ ತನಕ ರೋಗ ಹೋಗದು, ಎಮ್ಮೆ ಇರುವ ತನಕ ಉಣ್ಣಿ ಹೋಗದು ಎಂದು ಲೆಕ್ಕ ಹಾಕಿ ಅಳಿಯಂದಿರು ಗೌರಿಯನ್ನು ಮಾರಲು ಅಪ್ಪಣೆ ಕೊಡಿಸಿದಾಗ ನನ್ನ ಹೆಮ್ಮೆ ಇಳಿಯಿತು. ನಮ್ಮ ಮನೆಯಲ್ಲಿ ಅಳಿಯನ ಮಾತಿಗೆ ಎದುರಾಡುವ ಪದ್ಧತಿಯಿಲ್ಲ. ನನ್ನ ಹೆಂಡತಿ ಸಾವಿತ್ರೆವ್ವನಂತೂ ಅವರು ಬಂದರೆ ಹಣೆಯ ತನಕ ಸೆರಗೆಳೆದು ಅಡುಗೆಮನೆ ಸೇರುವವಳು, ಮಗಳ ಮದುವೆಯಾದಂದಿನಿಂದ ಅವರೆದುರು ಒಂದು ಮಾತಾಡಿದವಳಲ್ಲ. ಗೌರಿಯನ್ನು ಕರುವಿದ್ದಾಗಿನಿಂದ ಸಾಕಿದವಳು ಅವಳೇ.

ಕಟಕೋಳದಿಂದ ಬಂದ ಗಿರಾಕಿ ಹಗ್ಗ ಬಿಚ್ಚುವಾಗ ಸಾವಿತ್ರೆವ್ವ ಹೊರಗೆ ಬಂದಳು. ಅಳಿಯನಿಗೆ ಬೆನ್ನು ಮಾಡಿ, ಗೌರಿಯ ಎಡಗಿವಿಗೆ ಬಾಯಿಟ್ಟು, ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು: “ಗೌರವ್ವಾ, ಇವ್ರಿಗೆ ಸರ್ಪಸುತ್ತು ಆಗೇತಿ ಅಂತ ತಿಳದು, ಅದು ಮುಂದ ಹಬ್ಬಬಾರದಂತ ಇವ್ರು ಜ್ವರದಾಗ ಎಚ್ಚರಿಲ್ಲದ ಮಲಗಿದ್ದಾಗ ಆ ಉಂಗುರಾ ನಾನ ಕೆಮ್ಮಣ್ಣಿಲೆ ಬರದೇನಿ ಅಂತ ಅಳಿಯಂದ್ರಿಗೆ ಹೇಳವಾ!”

ಗೌರಿ ಹೇಳುವ ತನಕ ಕಾಯದೆ ಅಳಿಯಂದಿರು ಕರವಸ್ತ್ರವನ್ನು ಬಾನಿಯ ನೀರಿನಲ್ಲಿ ಅದ್ದಿ ನನ್ನ ಬೆನ್ನು ಒರೆಸಿದರು, ಅಮೆರಿಕಾದ ರೋಗ ಪೂರ್ತಿ ಕರವಸ್ತ್ರಕ್ಕೆ ಬಂತು. ಮರುದಿನ ಬೈಲಹೊಂಗಲದ ಡಾಕ್ಟರು ಇದು ಚಿಕೂನ್‌ಗುನ್ಯಾ, ಸೊಳ್ಳೆಯ ಕೆಲಸ, ಅರ್ಧ ತಾಲೂಕೇ ಸೊಂಟ ಬಗ್ಗಿಸಿ ನಡೆಯುತ್ತಿದೆ ಎಂದರು. ಗೌರಿಯನ್ನು ತಿರುಗಿ ಕಟ್ಟಿದಾಗ ಸಾವಿತ್ರೆವ್ವ ಅತ್ತಳು. ನಾನೂ ಅತ್ತೆ, ಕೀಲುನೋವೆಂದು ಹೇಳಿಕೊಂಡೆ.

ಆದ್ದರಿಂದ ತಮ್ಮಲ್ಲಿ ಸವಿನಯ ಬೇಡಿಕೆ. ತಾವು ಇಲ್ಲಿಯವರೇ ಹೊರತು ಅಮೆರಿಕಾದವರಲ್ಲವೆಂದು ಪಂಚಾಯಿತಿಯಿಂದ ರಹವಾಸಿ ದಾಖಲೆ ಪಡೆದು ಕೊರಳಿಗೆ ಕಟ್ಟಿಕೊಳ್ಳಬೇಕು. ಯಾರನ್ನಾದರೂ ಕಡಿದರೆ ಗಜಕರ್ಣ, ಸರ್ಪಸುತ್ತು, ಕೆಮ್ಮಣ್ಣುಗಳೊಂದಿಗೆ ಗೊಂದಲವಾಗದಂತೆ ಹೆಸರು, ವಿಳಾಸ ಬರೆದು ಸಹಿ ಹಾಕಬೇಕು. ಸೊಳ್ಳೆಯವರ ಪರಿಚಯವಿದ್ದರೆ ಅವರನ್ನು ಒಮ್ಮೆ ಅಳಿಯಂದಿರಿಗೆ ಭೇಟಿ ಮಾಡಿಸಬೇಕು, ಅಷ್ಟೊಂದು ಓದಿಕೊಂಡ ಅಳಿಯಂದಿರು ಇದನ್ನೂ ತಿಳಿದುಕೊಳ್ಳಲಿ.

ತಮ್ಮ ವಿಶ್ವಾಸಿ, ತಮ್ಮಿಂದ ಇನ್ನೂ ಕಡಿಸಿಕೊಳ್ಳದ,
ಅಂದಾನೆಪ್ಪ

ತಾ.ಕ.: ಅಂದಿನಿಂದ ಸಾವಿತ್ರೆವ್ವ ಹೇಳಬೇಕಾದ್ದನ್ನೆಲ್ಲ ಗೌರಿಯ ಕಿವಿಯಲ್ಲೇ ಹೇಳುತ್ತಾಳೆ. ಅಳಿಯನ ವಿಷಯ ಮುಗಿದು ಈಗ ನನ್ನ ವಿಷಯ ನಡೆದಿದೆ, ನಲವತ್ತು ವರ್ಷದ್ದು. ಅಷ್ಟನ್ನೂ ಅಲ್ಲೇ ಕೂತು ಕೇಳುತ್ತಿರುವವರು ತಾವೊಬ್ಬರೇ. ಆದಕಾರಣ ನಾಳೆ ಬೆಳಿಗ್ಗೆ ಗೌರಿಯ ಎಡಗಿವಿಗೆ ನಾನೇ ಸ್ವತಃ ಬೇವಿನ ಎಣ್ಣೆ ಬಿಡಲಿದ್ದೇನೆ.