ಬೀಗರ ಎಲೆಗೆ ಕಾಕಾನ ತುಪ್ಪ

ಭಾನುವಾರ, ಮುಂಜಾನೆ ಏಳೂಕಾಲು. ಬರೆಯಲು ಕುಳಿತೆ.

ಸವಣೂರಿನಲ್ಲಿ ನಮ್ಮ ಕಾಕಾನಷ್ಟು ಉದಾರಿ ಮತ್ತೊಬ್ಬರಿಲ್ಲ. ಎಲೆಗೆ ಬಡಿಸಬೇಕಾದದ್ದನ್ನು ನೆಲಕ್ಕೂ ಬಡಿಸುತ್ತಾರೆ! ಮದುವೆ ಯಾರದೇ ಇರಲಿ, ಸೊಂಟಕ್ಕೆ ಟವೆಲ್ ಬಿಗಿದು ಪಂಕ್ತಿಗೆ ಇಳಿಯುವುದೇ. ಶಿಗ್ಗಾಂವಿಯಲ್ಲಿ ಹನ್ನೆರಡು ಜನಕ್ಕೆ ಸಾರು ಬಡಿಸಿದರು: ಏಳು ಎಲೆಗೆ, ನಾಲ್ಕು ನೆಲಕ್ಕೆ, ಒಂದು ಊಟಕ್ಕೆ ಕುಳಿತ ಮಾಸ್ತರೊಬ್ಬರ ತೊಡೆಗೆ. (ಲೆಕ್ಕ ಬರೆದಿಡುವುದು ನನ್ನ ಚಟ.)

ಚಿಕ್ಕಂದಿನಿಂದ ಕಾಕಾನ ಎಡಗಣ್ಣು ಮಂದ. ಒಂದೇ ಕಣ್ಣಿನ ಮೇಲೆ ನಡೆಯುವವರಿಗೆ ಯಾವುದು ಎಷ್ಟು ದೂರ ಎಂಬ ಅಂದಾಜು ಸುಲಭಕ್ಕೆ ಸಿಗುವುದಿಲ್ಲವಂತೆ. ಕಾಕಾ ಬೈದದ್ದು ಮಾತ್ರ ಎಲೆಯನ್ನೇ: "ಈಗಿನ ಎಲಿ ಸಣ್ಣವು!"

ಮಗಳಿಗೆ ಹಿರೇಕೆರೂರಿನ ವರ ಗೊತ್ತಾದಾಗ ಅವರ ಹೆಂಡತಿ, ನಮ್ಮ ಕಾಕು, ಹೆದರಿದರು. ಹೆಣ್ಣಿನ ತಂದೆ ಕೈಯಾರೆ ಬೀಗರಿಗೆ ತುಪ್ಪ ಬಡಿಸುವುದು ನಮ್ಮ ಮನೆತನದ ರೂಢಿ.

"ನೀವು ಕೈ ಮುಗದು ನಿಂದರ್ರಿ, ಸಾಕು. ತುಪ್ಪ ಹಾನಗಲ್ಲಿನ ನಮ್ಮಣ್ಣ ಬಡಸ್ತಾನ."

"ನನ್ನ ಮಗಳ ಮದುವ್ಯಾಗ ನಿಮ್ಮಣ್ಣ ಯಾಕ?" ಎಂದರು ಕಾಕಾ. ಮೋರೆ ಸಣ್ಣದಾಗಿತ್ತು. ಮರುದಿನವೇ ಇಬ್ಬರೂ ಹುಬ್ಬಳ್ಳಿ ಬಸ್ಸು ಹತ್ತಿದರು.

ಕಣ್ಣಿನ ಡಾಕ್ಟರು ಹೇಳಿದರು: "ಈ ವಯಸ್ಸಿಗೆ ಖಾತ್ರಿ ಕೊಡಾಕ ಬರೂದಿಲ್ಲ. ಒಂದು ಕಣ್ಣು ಕೆಲಸಾ ಬಿಟ್ಟದ, ಎಲ್ಲಾ ಇನ್ನೊಂದರ ಮ್ಯಾಲ ಬಿದ್ದದ. ಎರಡಕ್ಕೂ ಕೂಡಿ ದುಡಿಯೂದು ಕಲಿಸ್ಬೇಕು."

"ನಮ್ಮ ಮನ್ಯಾಗೂ ಹಂಗ ಐತ್ರಿ, ಸಾಹೇಬ್ರ," ಎಂದರು ಕಾಕು. "ಅದಕ್ಕೂ ಏನರ ಔಷಧ ಐತೇನ್ರಿ?"

ಕೊಟ್ಟ ವ್ಯಾಯಾಮ ಏನೆಂದುಕೊಂಡಿರಿ? ಮೂರು ಬಣ್ಣದ ಮಣಿ ಪೋಣಿಸಿದ ದಾರ! ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ಕಾಕಾನ ಮೂಗಿಗೆ. ಒಂದೊಂದೇ ಮಣಿಯನ್ನು ದಿಟ್ಟಿಸಬೇಕು. ಎರಡೂ ಕಣ್ಣು ದುಡಿದರೆ ಒಂದೇ ದಾರ ಎರಡಾಗಿ ಕಂಡು ಮಣಿಯಲ್ಲಿ ಕೂಡುತ್ತದಂತೆ. ಓಣಿಯ ಹೆಂಗಸರು ಇಣುಕಿ, "ಯಾವ ದೇವರ ಹರಕಿರೀ?" ಎಂದು ಕೈಮುಗಿದು ಹೋದರು. ಕಾಕು ಒಮ್ಮೆ ಅದರ ಮೇಲೆ ಒದ್ದೆ ಕರ್ಚೀಫು ಒಣಹಾಕಿದರು. ತಿಂಗಳುಗಟ್ಟಲೆ ಕಾಕಾನಿಗೆ ಒಂದೇ ದಾರ. ಕಡೆಗೊಂದು ಸಂಜೆ ಕೂಗಿದರು: "ಎರಡು! ಎರಡು ಕಾಣಾಕತ್ತಾವು!"

ಅಡುಗೆಮನೆಯಿಂದ ಕಾಕು: "ಏನ್ ಕುಡದು ಬಂದ್ರಿ?"

ಮದುವೆಯ ದಿನ, ಬೀಗರ ಪಂಕ್ತಿ. ಕಾಕಾ ತುಪ್ಪದ ಮಿಳ್ಳಿ ಹಿಡಿದರು. ಹಾನಗಲ್ಲಿನ ಅಣ್ಣ ಒರೆಸುವ ಬಟ್ಟೆ ಹಿಡಿದು ಹಿಂದೆಯೇ. ಎಲೆ ಹದಿನಾರು, ಹೋಳಿಗೆಯ ನಟ್ಟನಡುವೆ ತುಪ್ಪ ಹದಿನಾರು! ಅಣ್ಣನಿಗೇ ನಿರಾಸೆ.

ಕಡೆಯ ಪಂಕ್ತಿಯಲ್ಲಿ ಕಾಕು ಕುಳಿತರು. ಕಾಕಾ ಬಗ್ಗಿದರು, ಮಿಳ್ಳಿ ಓರೆ ಮಾಡಿದರು. ಉಳಿದ ತುಪ್ಪವೆಲ್ಲ ಇಳಕಲ್ ಸೀರೆಗೆ!

"ಬೀಗರಿಗೆಲ್ಲಾ ಬರೊಬ್ಬರಿ, ನನಗ ಹಿಂಗಾ? ಲಕ್ಷ್ಯ ಎಲ್ಲಿತ್ತು?"

ಕಾಕಾ ಎಲೆಯನ್ನು ನೋಡುತ್ತಲೇ ಇರಲಿಲ್ಲ. "ನಿನ್ನ ಮೂಗುತಿ," ಎಂದರು ಮೆಲ್ಲಗೆ. "ಇಷ್ಟು ವರ್ಷ ಮಾರಿ ಮ್ಯಾಲ ಚಿತ್ರಾ ಬರದಂಗಿತ್ತು. ಈಗ ಎದ್ದು ಮುಂದ ಬಂದೈತಿ."

ಕಾಕು ಸೆರಗು ಒರೆಸುವುದನ್ನು ಬಿಟ್ಟು ಮೂಗುತಿ ಮುಟ್ಟಿ ನೋಡಿಕೊಂಡರು.

ಈ ದಾರದ ವ್ಯಾಯಾಮ ಬಿಟ್ಟರೆ ದೊಡ್ಡವರ ಕಣ್ಣು ಮತ್ತೆ ಮಲಗುತ್ತದೆಯೇ? ಬಲ್ಲವರು ದಯವಿಟ್ಟು ಬರೆಯಿರಿ. ತುಪ್ಪದ ಕಲೆ ತೆಗೆಯುವ ಉಪಾಯ ಮಾತ್ರ ಬೇಡ. ಆ ಸೀರೆ ಒಗೆಯಲು ಕಾಕು ಒಪ್ಪುತ್ತಿಲ್ಲ.