ಚಿತ್ರದ ಅಜ್ಜಿ ಯಾಕೆ ಉಣ್ಣಲಿಲ್ಲ

ಜಗತ್ತಿನಲ್ಲಿ ಯಾವುದು ಎಷ್ಟು ಖಚಿತ ಎಂದು ಅಳೆದು ಹೇಳುವುದು ನನ್ನ ಹೊಟ್ಟೆಪಾಡು ಎಂದರೆ ನೀವು ನಗಬಹುದು. ಜ್ಯೋತಿಷಿ ಎಂದುಕೊಳ್ಳಬೇಡಿ, ಗುರುವಾಯನಕೆರೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆ ಭಾಷೆಯವರು ಊಹೆಗೂ ದರ್ಜೆ ಇಟ್ಟಿದ್ದಾರೆ. ಪೂರ್ತಿ ನಂಬಿಕೆ ಇದ್ದರೆ ‘ಮಸ್ಟ್’, ಇರಲೂಬಹುದು ಎಂದರೆ ‘ಮೈಟ್’, ಸಾಧ್ಯವೇ ಇಲ್ಲದಿದ್ದರೆ ‘ಕಾಂಟ್’. ಬೋರ್ಡಿನಲ್ಲಿ ಒಂದು ಏಣಿ ಬರೆದು ಮೂರನ್ನೂ ಮೂರು ಮೆಟ್ಟಿಲಲ್ಲಿ ಕೂರಿಸುತ್ತೇನೆ. ಆಮೇಲೆ ಚಿತ್ರವೊಂದನ್ನು ತೋರಿಸಿ, ಊಹಿಸಿ ಎನ್ನುತ್ತೇನೆ. ಕೊಡೆ ಹಿಡಿದ ಮುದುಕನೊಬ್ಬ ಬೆಂಚಿನಲ್ಲಿ ಕೂತಿದ್ದಾನೆ. ಬಸ್ಸಿಗೆ ಕಾಯುತ್ತಿರಬೇಕು ಎಂದರೆ ನನಗೆ ಸಾಕು.

ತೊಂದರೆ ಏನೆಂದರೆ, ನಮ್ಮ ಕಡೆಯವರು ಅಪರಿಚಿತರ ಬಗ್ಗೆ ಊಹಿಸುತ್ತ ಕೂರುವುದಿಲ್ಲ, ನೇರ ವಿಚಾರಣೆಗೇ ಇಳಿಯುತ್ತಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನು “ನಿಮಗೆ ಎಲ್ಲಿ ಆಯ್ತು?” ಎಂದು ಊರು ಕೇಳಿ, ಮನೆ ಕೇಳಿ, ಇಳಿಯುವುದರೊಳಗೆ ಅವರ ಅತ್ತಿಗೆಯ ತವರಿನಲ್ಲಿ ತಮ್ಮ ನೆಂಟರೊಬ್ಬರನ್ನು ಹುಡುಕಿ ತೆಗೆದಿರುತ್ತಾರೆ. ಹಾಗಾಗಿ ನನ್ನ ತರಗತಿಯಲ್ಲಿ ಎದ್ದ ಮೊದಲ ಪ್ರಶ್ನೆ: “ಸರ್, ಈ ಅಜ್ಜನಿಗೆ ಎಲ್ಲಿ ಆಯ್ತು?”

ಕೇಳಿದವಳು ಸುಮತಿ. ಮೂಡುಬಿದಿರೆ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ವಯಸ್ಸಾದವರ ಆರೈಕೆ ಮಾಡುವವಳು. ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಆರು ವರ್ಷಗಳಿಂದ ಐರ್ಲೆಂಡಿನಲ್ಲಿ ಇಂಥದೇ ಕೆಲಸದಲ್ಲಿದ್ದಾಳೆ, ಒಬ್ಬಳೇ. ಅಲ್ಲೇ ಇನ್ನೊಂದು ಜಾಗ ಖಾಲಿಯಾಗಿತ್ತು. ವಿಡಿಯೊದಲ್ಲಿ ಸಂದರ್ಶನ, ಒಂದೇ ಅವಕಾಶ. ಇದನ್ನೆಲ್ಲ ಸುಮತಿ ಮೊದಲ ದಿನವೇ ಹೇಳಿದಳು ಎಂದು ಬರೆಯಲು ಹೊರಟಿದ್ದೆ, ಸುಳ್ಳು. ಎಲ್ಲವನ್ನೂ ಮೊದಲ ದಿನಕ್ಕೇ ತಂದು ಜೋಡಿಸುವ ಚಾಳಿ ನನ್ನ ನೆನಪಿಗುಂಟು. ಅವಳು ಹೇಳಿದ್ದು ಎಂಟನೆಯ ದಿನವೋ ಹತ್ತನೆಯ ದಿನವೋ, ಅದೂ ನಾನು ಗದರಿಸಿದ ಮೇಲೆ.

“ಊಹೆ ಮಾಡಮ್ಮ. ತಪ್ಪಾದರೆ ಆ ಅಜ್ಜ ಬಂದು ಜಗಳ ಮಾಡುವುದಿಲ್ಲ.”

“ಗೊತ್ತಿಲ್ಲದವರ ವಿಷಯ ಹೇಗೆ ಹೇಳುವುದು ಸರ್? ಪಾಪ, ಅವರಿಗೆ ಎಂತ ಕಷ್ಟ ಉಂಟೋ!”

“ಪಾಪ ಅಂದರೆ ಯಾರಾದರೂ ಕೆಲಸ ಕೊಡ್ತಾರಾ?”

ಆಗ ಅವಳ ಮುಖ ಸಣ್ಣದಾಯಿತು. “ಅಕ್ಕನಿಗೆ ಅಲ್ಲಿ ತುಳು ಮಾತಾಡ್ಲಿಕ್ಕೆ ಯಾರೂ ಇಲ್ಲ ಸರ್. ಒಲೆಯ ಹತ್ತಿರ ಒಬ್ಬಳೇ ಮಾತಾಡ್ತಾಳಂತೆ,” ಎಂದಳು. ಆಮೇಲೆ ನಾನು ಗದರಿಸಲಿಲ್ಲ. ಗದರಿಸಿರಲಿಕ್ಕಿಲ್ಲ.

ಪುತ್ತಿಗೆಯ ಅವಳ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಬಾವಿಕಟ್ಟೆಯ ಮೇಲೆ ಹತ್ತಿ ನಿಂತರೆ ಮಾತ್ರ. ಹಾಗಾಗಿ ಸಂದರ್ಶನ ನನ್ನ ತರಗತಿಯಲ್ಲೇ ನಡೆಯಿತು. ಮೂರು ಪದಗಳನ್ನು ಮೂರು ರಟ್ಟಿನ ಮೇಲೆ ದಪ್ಪಗೆ ಬರೆದುಕೊಂಡು ನಾನು ಲ್ಯಾಪ್‌ಟಾಪಿನ ಹಿಂದೆ ನಿಂತಿದ್ದೆ. ಮೇಷ್ಟ್ರು ಮಾಡುವ ಕೆಲಸವಲ್ಲ, ಒಪ್ಪುತ್ತೇನೆ. ಆ ಕಡೆಯ ಹೆಂಗಸು ಮೆತ್ತಗೆ ಮಾತಾಡುತ್ತ ಒಂದು ಚಿತ್ರ ತೋರಿಸಿದರು. ತುಂಬಿದ ತಟ್ಟೆಯ ಮುಂದೆ ಒಬ್ಬ ಅಜ್ಜಿ, ಕೈ ಮಡಿಲಲ್ಲಿ. ಈಕೆ ಯಾಕೆ ಉಣ್ಣುತ್ತಿಲ್ಲ, ನಿಮಗೆ ಏನನ್ನಿಸುತ್ತದೆ?

ನಾನು ‘ಮೈಟ್’ ಎತ್ತಿದೆ. ‘ಮಸ್ಟ್’ ಎತ್ತಿದೆ. ಕೊನೆಗೆ ಮೂರನ್ನೂ ಒಟ್ಟಿಗೆ ಎತ್ತಿ, ಸೋತ ಅಭ್ಯರ್ಥಿಯ ಏಜೆಂಟನ ಹಾಗೆ ನಿಂತೆ. ಅವಳು ನನ್ನತ್ತ ನೋಡಲೇ ಇಲ್ಲ. ಚಿತ್ರವನ್ನೇ ನೋಡುತ್ತ, ಮುರುಕು ಇಂಗ್ಲಿಷಿನಲ್ಲಿ, ನನಗೆ ಗೊತ್ತಿಲ್ಲ, ಹತ್ತಿರ ಕೂತು ಅವರನ್ನೇ ಕೇಳ್ತೇನೆ ಎಂದಳು.

ಅವರು ಹೇಳದಿದ್ದರೆ?

ತಟ್ಟೆ ತೆಗೆಯುವುದಿಲ್ಲ. ಸ್ವಲ್ಪ ಹೊತ್ತು ಕೂತು ಮತ್ತೆ ಕೇಳ್ತೇನೆ.

ಆ ಹೆಂಗಸು ಏನೋ ಬರೆದುಕೊಂಡು, ಧನ್ಯವಾದ ಹೇಳಿ ಮಾಯವಾದರು. ಇವಳು ಫೇಲಾದಳು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. “ಇರಲಿ ಬಿಡಮ್ಮ, ಬೇರೆ ಕಡೆ ನೋಡುವ,” ಎಂದೆ. “ಆಯ್ತು ಸರ್,” ಎಂದು ಅವಳು ಕಂಬಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲಿಳಿದು ಹೋದಳು. ಆ ನೋಟ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ಮೆಟ್ಟಿಲಿಗೆ ಕಂಬಿಯೇ ಇಲ್ಲವೆಂದು ಬರೆಯುವಾಗ ಹೊಳೆಯುತ್ತಿದೆ. ಗೋಡೆ ಹಿಡಿದಿರಬೇಕು.

ಅದಾಗಿ ಆರನೆಯ ದಿನ ಅವಳು ಹಲ್ವದ ಡಬ್ಬಿ ಹಿಡಿದು ಬಂದಳು. “ಕೆಲಸ ಸಿಕ್ಕಿತು ಸರ್! ಅಕ್ಕ ಫೋನಿನಲ್ಲಿ ಬರೀ ಅತ್ತಳು.” ನಾನು ತಕ್ಷಣ ತರಗತಿಯನ್ನು ಸುಮ್ಮನಿರಿಸಿ, ಸತತ ಅಭ್ಯಾಸದ ಬಗ್ಗೆ, ಗುರುಮುಖೇನ ಕಲಿಯುವುದರ ಬಗ್ಗೆ ದೀರ್ಘವಾಗಿ ಮಾತಾಡಿದೆ. ರಟ್ಟುಗಳ ಸುದ್ದಿ ಎತ್ತಲಿಲ್ಲ. ಸುಮತಿ ಬಾಗಿಲ ಬಳಿ ನಿಂತು ಚೀಲದ ಪಟ್ಟಿಯನ್ನು ಸುತ್ತುತ್ತ ಬಿಚ್ಚುತ್ತ, ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತಿದ್ದಳು. ಕೃತಜ್ಞತೆ ಹೇಳಲು ಅವಳು ಪದ ಹುಡುಕುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಆದರೂ, ಅವಳಿಂದ ಅಷ್ಟಾದರೂ ಕಲಿಯಬೇಡವೆ ಎಂದುಕೊಂಡು ಭಾಷಣ ನಿಲ್ಲಿಸಿ ಕೇಳಿದೆ:

“ಎಂತ ಆಯ್ತಮ್ಮ?”

“ಮೂಡುಬಿದಿರೆ ಬಸ್ಸು ಈಗ ಹೊರಡ್ತದೆ ಸರ್. ಅಲ್ಲಿ ಅಜ್ಜಿಯರೆಲ್ಲ ಚಹಾಕ್ಕೆ ನನ್ನನ್ನು ಕಾಯ್ತಾರೆ.”