ಐದು ವಾಟಿನ ಅಳಿಯ

ಜೂನ್ ತಿಂಗಳ ಆ ಬೆಳಿಗ್ಗೆ ದಡದ ಬಂಡೆಯ ಮೇಲೆ ನಿಂತು ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಇವತ್ತು ನನ್ನ ಅತ್ತೆಯ ಬಾಯಿಂದ 'ಭೇಷ್ ತೌನೊ!' ಎನ್ನಿಸದಿದ್ದರೆ ನಾನು ಇಷ್ಟು ವರ್ಷ ಮೋರ್ಸ್ ಕುಟ್ಟಿದ್ದೂ ದಂಡ, ಈ ಮನೆಯ ಅಳಿಯನಾಗಿದ್ದೂ ದಂಡ!

ಮೋರ್ಸ್ ಅಂದರೆ ಅದೇ, ಟಿಕ್ ಟಿಕ್ ಟೀ ಎನ್ನುವ ಹಳೆಯ ತಂತಿ ಭಾಷೆ. ನನ್ನ ರೇಡಿಯೋ ಸಾಬೂನು ಡಬ್ಬಿಯಷ್ಟಿದೆ, ಕೋಟಿನ ಜೇಬಿನಲ್ಲಿ ಹಿಡಿಯುತ್ತದೆ. ಅದರ ಶಕ್ತಿ ಬರೀ ಐದು ವಾಟು. ಫ್ರಿಜ್ಜಿನೊಳಗಿನ ಬಲ್ಬು ಕೂಡ ಇದರ ಮುಂದೆ ದೊಡ್ಡ ಕುಳ! ಆದರೆ ಒಂದು ತಂತಿಯನ್ನು ಎತ್ತರಕ್ಕೆ ಕಟ್ಟಿ, ಒಂದು ಬ್ಯಾಟರಿ ಸಿಕ್ಕಿಸಿ, ಕಣ್ಣು ಮುಚ್ಚಿ ಬಡಿಯತೊಡಗಿದೆನೆಂದರೆ ಪೋರ್ಚುಗಲ್ಲಿನವನು ಕುಶಲ ವಿಚಾರಿಸುತ್ತಾನೆ, ಬಲ್ಗೇರಿಯಾದವನು ಹವಾಮಾನ ಹೇಳುತ್ತಾನೆ. ಒಮ್ಮೆ ಬ್ರೆಜಿಲ್ ಕೂಡ ಸಿಕ್ಕಿತ್ತು. ಆ ಸುದ್ದಿಯನ್ನು ಹೆಂಡತಿ ಐಲಾಗೆ ಓಡೋಡಿ ಹೋಗಿ ಹೇಳಿದ್ದೆ.

"ಬ್ರೆಜಿಲ್‌ನೋರು ಕರೆದ್ರೆ ಕೇಳುತ್ತೆ. ಅಡುಗೆಮನೆಯಿಂದ ನಾನು ಕರೆದ್ರೆ ಕೇಳಲ್ಲ. ಎಂಥ ಕಿವಿರೀ ಅದು!" ಎಂದಿದ್ದಳು ಆ ಪುಣ್ಯಾತ್ಗಿತ್ತಿ.

ಈಗ ಅತ್ತೆಯ ವಿಷಯಕ್ಕೆ ಬರೋಣ. ನಮ್ಮತ್ತೆ ಹೆಲ್ವಿಗೆ ಚಳಿಗಾಲದಲ್ಲಿ ಸೊಂಟದ ಕೀಲು ಬದಲಾಯಿಸಿದ್ದರು. ಸರೋವರದ ನಡುವಿನ ಈ ದ್ವೀಪ, ಇದರ ಮೇಲಿನ ಮರದ ಮನೆ, ಸೌನಾ ಎಂಬ ಹಬೆಸ್ನಾನದ ಕೋಣೆ ಎಲ್ಲವೂ ಆಕೆಯದೇ. ಆದರೆ ನನ್ನ ಭಾವಮೈದ ಕಾಲೆವಿ ಒಂದೇ ಪಟ್ಟು ಹಿಡಿದಿದ್ದ: "ಅಮ್ಮ ಇನ್ಮೇಲೆ ದ್ವೀಪಕ್ಕೆ ಹೋಗೋದು ಬೇಡ. ಅಲ್ಲಿ ಏನಾದ್ರೂ ಆದ್ರೆ ದಡಕ್ಕೆ ಯಾರು ತರ್ತಾರೆ? ತೌನೊನಾ?" ಐಲಾಗೋ, ಅಮ್ಮ ಈ ಬೇಸಿಗೆ ಪೂರ್ತಿ ತನ್ನ ಜೊತೆಯಲ್ಲೇ ಇರಬೇಕೆಂಬ ಆಸೆ. ಫೋನಿನಲ್ಲಿ ಅತ್ತು, ಕರೆದು, ಜಗಳವಾಡಿ ಒಪ್ಪಿಸಿದ್ದಳು. ಅತ್ತೆ ಕೊನೆಗೆ ತೀರ್ಪು ಕೊಟ್ಟರು: "ನಡುಬೇಸಿಗೆಯ ಯುಹಾನ್ನುಸ್ ಹಬ್ಬಕ್ಕೆ ಬರ್ತೀನಿ. ಒಂದು ರಾತ್ರಿ ಇದ್ದು ನೋಡ್ತೀನಿ. ಸರಿ ಅನ್ನಿಸದಿದ್ರೆ ಮಾರನೇ ದಿನ ಕಾಲೆವಿ ಬಂದು ಕರ್ಕೊಂಡು ಹೋಗ್ಲಿ."

ಅಂದರೆ ಐಲಾಳ ಇಡೀ ಬೇಸಿಗೆ ಈ ಒಂದು ದೋಣಿ ಪ್ರಯಾಣದ ಮೇಲೆ ನಿಂತಿತ್ತು.

"ರೀ, ನಿಮಗೆ ಒಂದೇ ಒಂದು ಕೆಲಸ," ಎಂದಳು ಐಲಾ. "ಆಚೆ ದಡದಿಂದ ಅಮ್ಮನ್ನ ಈಚೆ ದಡಕ್ಕೆ ನೆಟ್ಟಗೆ ಕರ್ಕೊಂಡು ಬನ್ನಿ."

"ಅಷ್ಟೇನಾ?"

"ಅಷ್ಟೇ. ಅದಕ್ಕಿಂತ ಜಾಸ್ತಿ ನಿಮಗೆ ಕೊಡೋ ಧೈರ್ಯ ನನಗಿಲ್ಲ."

ನೋಡಿ, ನನ್ನ ಯೋಜನೆ ಅವಳದಕ್ಕಿಂತ ಭವ್ಯವಾಗಿತ್ತು! ಅತ್ತೆಯನ್ನು ದೋಣಿಯಲ್ಲಿ ಕೂರಿಸುವುದು, ಮಾರ್ಗಮಧ್ಯದಲ್ಲಿ ಜೇಬಿನಿಂದ ರೇಡಿಯೋ ತೆಗೆಯುವುದು, ನೀರಿನ ಮೇಲಿಂದಲೇ ಯಾವುದಾದರೂ ದೇಶವನ್ನು ಮಾತಾಡಿಸುವುದು. 'ಈ ಅಳಿಯ ಜೊತೆಗಿದ್ದರೆ ದ್ವೀಪವೂ ಪಟ್ಟಣವೇ' ಎಂದು ಆಕೆ ಬೆರಗಾಗಬೇಕು. ಅದಕ್ಕಾಗಿ ಒಂದು ವಾರದಿಂದ ತಾಲೀಮು ನಡೆಸಿದ್ದೆ.

ತಾಲೀಮಿಗೆ ಬ್ಯಾಟರಿ ಬೇಕಲ್ಲ? ರೇಡಿಯೋದ ಪುಟ್ಟ ಬ್ಯಾಟರಿಯನ್ನು ಪಟ್ಟಣದ ಮನೆಯಲ್ಲೇ ಮರೆತು ಬಂದಿದ್ದೆ. ದೋಣಿಯಲ್ಲಿ ಕರೆಂಟಿನ ಮೋಟಾರಿಗೆಂದು ಒಂದು ದೊಡ್ಡ ಬ್ಯಾಟರಿ ಇತ್ತು, ಕುಂಬಳಕಾಯಿಯಷ್ಟು ಭಾರದ್ದು. ಅದರಿಂದ ನನ್ನ ರೇಡಿಯೋ ಕುಡಿಯುವುದು ಹಂಡೆಯಿಂದ ಒಂದು ಚಮಚ ಅಷ್ಟೆ. ತೊಂದರೆ ಬಂದದ್ದು ಬೇರೆ ಕಡೆಯಿಂದ. ಆ ಬ್ಯಾಟರಿಗೆ ಬಿಸಿಲಿನಿಂದ ಕರೆಂಟು ತುಂಬುವ ಒಂದು ಫಲಕ, ನಡುವೆ ಒಂದು ಪೆಟ್ಟಿಗೆ. ಆ ಪೆಟ್ಟಿಗೆ ನನ್ನ ಕಿವಿಗೆ ಇಪ್ಪತ್ತನಾಲ್ಕು ಗಂಟೆ 'ಕೊರ್ರ್' ಎಂದು ಗೊಣಗುತ್ತಿತ್ತು! ಬಲ್ಗೇರಿಯಾದವನು ಪಿಸುಗುಟ್ಟುವಾಗ ಇದು ಗೊಣಗಿದರೆ ಯಾವ ಮರ್ಯಾದಸ್ಥ ಸಹಿಸುತ್ತಾನೆ? ಅದರ ವೈರನ್ನು ಕಿತ್ತು ಹಾಕಿದೆ. ಆಮೇಲೆ ಸಿಕ್ಕಿಸಿದರಾಯಿತು ಎಂದುಕೊಂಡೆ. ಮೊಬೈಲೂ ಹತ್ತಿರವಿದ್ದರೆ ಗುರ್ರ್ ಎನ್ನುತ್ತಿತ್ತು, ಅದನ್ನು ಮನೆಯೊಳಗೆ ಗಡೀಪಾರು ಮಾಡಿದೆ. ಇನ್ನು ತಂತಿ ಕಟ್ಟಲು ಕಂಬ ಬೇಕಿತ್ತು. ದೋಣಿಯ ಎರಡು ಹುಟ್ಟುಗಳನ್ನು ಒಂದರ ತುದಿಗೆ ಒಂದು ಬಿಗಿದು ಬಂಡೆಯ ಸಂದಿಯಲ್ಲಿ ನೆಟ್ಟೆ. ಆಹಾ, ಏನು ಕಂಬ! ಕಣ್ಣು ಬೀಳಬೇಕು, ಹಾಗಿತ್ತು.

ಹೊರಡುವಾಗ ಐಲಾ ಸೌನಾ ಬಾಗಿಲಲ್ಲಿ ಕೂತು ಹಬೆಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ಅಲ್ಲಿಂದಲೇ ಕೂಗಿದಳು: "ದೋಣೀಲಿ ಎಲ್ಲಾ ಇದೆಯೇನ್ರೀ?"

"ಎಲ್ಲಾ ಇದೆ!" ಎಂದೆ. ಇತ್ತಲ್ಲ! ರೇಡಿಯೋ, ಹೆಡ್‌ಫೋನು, ಮೋರ್ಸ್ ಬಡಿಯುವ ಕೀಲಿ, ಇನ್ನೊಂದು ಸುರುಳಿ ತಂತಿ, ಮೀನಿನ ಗಾಳದ ಕೋಲು. ಲೆಕ್ಕ ಪಕ್ಕಾ ಇತ್ತು.

ಆಚೆ ದಡದಲ್ಲಿ ಕಾಲೆವಿ ಅಮ್ಮನ ಕೈ ಹಿಡಿದು ದೋಣಿಗೆ ಇಳಿಸಿದ. ಅತ್ತೆಯ ಒಂದು ಕೈಯಲ್ಲಿ ಊರುಗೋಲು, ಮಡಿಲಲ್ಲಿ ದೊಡ್ಡ ಅಲ್ಯುಮಿನಿಯಂ ತಟ್ಟೆ, ಅದರ ತುಂಬ ತಾವೇ ಬೇಯಿಸಿದ ಕರೇಲಿಯನ್ ಕಡುಬು. ಕೂತ ಕೂಡಲೇ ದೋಣಿಯನ್ನೆಲ್ಲ ಒಮ್ಮೆ ಕಣ್ಣಲ್ಲೇ ಗುಡಿಸಿದರು.

"ಅಳಿಯಂದಿರೇ, ಹುಟ್ಟು ಕಾಣಿಸ್ತಿಲ್ಲ?"

"ಕರೆಂಟ್ ದೋಣಿ ಅತ್ತೆ ಇದು! ಹುಟ್ಟು ಹಾಕೋ ಕಾಲ ಎಲ್ಲಾ ಹೋಯ್ತು!"

"ಹೂಂ," ಎಂದರು ಅತ್ತೆ. ನಮ್ಮ ಕಡೆ ಅತ್ತೆಯಂದಿರ 'ಹೂಂ' ಕೇಳಿದವರಿಗೆ ಗೊತ್ತು, ಅದಕ್ಕಿಂತ ಬೈಗುಳವೇ ವಾಸಿ.

ಕಾಲೆವಿ ದಡದಿಂದ ಕೈ ಬೀಸಿದ. "ನಾನು ಸಂಜೆವರೆಗೂ ಈ ಊರಲ್ಲೇ ಇರ್ತೀನಿ ಅಮ್ಮ. ಏನಾದ್ರೂ ಆದ್ರೆ ಬಂದ್ಬಿಡ್ತೀನಿ." ಹಾಗೆನ್ನುವಾಗ ಅವನು ನೋಡಿದ್ದು ನನ್ನನ್ನು.

ಅರ್ಧ ದಾರಿ ಚೆನ್ನಾಗಿಯೇ ಸಾಗಿತು. ನೀರಿನ ನಡುವಿನ ಕೊಕ್ಕರೆ ಬಂಡೆಯ ಹಿಂದೆ ಬರುತ್ತಿದ್ದಂತೆ, ಅಂದರೆ ನಮ್ಮ ಮನೆಯೂ ಕಾಣದ, ಕಾಲೆವಿಯೂ ಕಾಣದ ಸರಿಯಾದ ಜಾಗದಲ್ಲಿ, ಮೋಟಾರು ಒಮ್ಮೆ ನಿಟ್ಟುಸಿರು ಬಿಟ್ಟಿತು. ಆಮೇಲೆ ಉಸಿರೇ ಬಿಡಲಿಲ್ಲ. ನನಗೆ ಕಿತ್ತ ವೈರು ನೆನಪಾಯಿತು. ವಾರಪೂರ್ತಿ ಮೀನಿಗೆ, ಹಾಲಿಗೆ ಎಂದು ದೋಣಿ ಓಡಿಸಿದ್ದೆ, ಬ್ಯಾಟರಿಗೆ ಒಂದು ಹನಿ ಬಿಸಿಲೂ ಸಿಕ್ಕಿರಲಿಲ್ಲ.

"ಯಾಕೆ ನಿಂತ್ವಿ?" ಎಂದರು ಅತ್ತೆ.

"ಪ್ರಕೃತಿ ಸೌಂದರ್ಯ ಅತ್ತೆ. ನೀವು ನೋಡ್ಲಿ ಅಂತ..."

"ಎಂಬತ್ತು ವರ್ಷದಿಂದ ನೋಡ್ತಾ ಇದೀನಿ. ಮೋಟಾರು ಸತ್ತಿದೆ ತಾನೆ? ಫೋನ್ ಮಾಡು."

"ಫೋನು ಮನೇಲಿದೆ. ನಿಮ್ಮದು ಕೊಡಿ."

"ನಂದೂ ಮನೇಲೇ. ನಾನಿಲ್ಲದಾಗ ಯಾರಾದ್ರೂ ಫೋನ್ ಮಾಡಿದ್ರೆ?"

ಕೂಗಿ ನೋಡಿದೆ. ಎರಡು ಬಾತುಕೋಳಿಗಳು ತಿರುಗಿ ನೋಡಿದವು. ಯಾರಾದರೂ ಕಾಣುವವರೆಗೆ ಕಾಯೋಣವೆಂದರೆ ಮೊದಲು ಕಾಣುವವನು ಕಾಲೆವಿಯೇ! ಅವನು ದೋಣಿ ತಂದು ಎಳೆದುಕೊಂಡು ಹೋದನೆಂದರೆ ಅತ್ತೆ ಮತ್ತೆ ಈ ದ್ವೀಪದ ಮುಖ ನೋಡುವುದಿಲ್ಲ. ಐಲಾ ಕಟ್ಟುತ್ತಿದ್ದ ಆ ಸೊಪ್ಪಿನ ಕಟ್ಟು, ಅಮ್ಮನಿಗೆಂದು ಹಾಸಿದ ಕಿಟಕಿ ಪಕ್ಕದ ಮಂಚ, ಎಲ್ಲವೂ ಕಣ್ಣ ಮುಂದೆ ಬಂದು ನಿಜಕ್ಕೂ ಸಂಕಟವಾಯಿತು.

ಆಗ ಹೊಳೆಯಿತು! ಮೋಟಾರು ತಿರುಗಿಸಲಾರದ ಬ್ಯಾಟರಿ ಐದು ವಾಟಿನ ನನ್ನ ಕಂದನಿಗೆ ಧಾರಾಳ ಸಾಕು! ಆದರೆ ತಂತಿಗೆ ಎತ್ತರ ಬೇಕು.

"ಅತ್ತೆ, ಊರುಗೋಲು ಸ್ವಲ್ಪ ಕೊಡ್ತೀರಾ?"

"ಯಾಕಪ್ಪ, ನಡ್ಕೊಂಡು ಹೋಗ್ತೀಯಾ?"

ಊರುಗೋಲನ್ನು ನಡುವಿನ ಹಲಗೆಗೆ ಬಿಗಿದೆ. ಅದಕ್ಕೆ ಗಾಳದ ಕೋಲು, ಕೋಲಿನ ತುದಿಗೆ ತಂತಿ, ಇನ್ನೊಂದು ತಂತಿ ನೀರಿಗೆ. ಹೆಡ್‌ಫೋನು ಏರಿಸಿ, ಕಣ್ಣು ಮುಚ್ಚಿ ಬಡಿಯತೊಡಗಿದೆ. ಯಾರಾದರೂ ಇದ್ದೀರಾ? ಯಾರಾದರೂ ಇದ್ದೀರಾ?

ಇದ್ದರು! ಸಿಸಿಲಿಯ ದೊನಾಟೊ ಎಂಬ ಮಹಾನುಭಾವ, ಗಟ್ಟಿಯಾಗಿ, ಸ್ಪಷ್ಟವಾಗಿ. 'ಸರೋವರದಲ್ಲಿ ಸಿಕ್ಕಿಕೊಂಡಿದ್ದೇವೆ, ನನ್ನ ಹೆಂಡತಿಗೆ ಒಂದು ಫೋನ್ ಮಾಡಿ' ಎಂದು ಬಡಿದೆ. ಆತ ನಂಬರ್ ಕೇಳಿದ. ನಾನು ಕಣ್ಣು ಬಿಟ್ಟೆ. ನಂಬರು ಇದ್ದದ್ದು ಮೊಬೈಲಿನಲ್ಲಿ!

"ಅತ್ತೆ, ಐಲಾ ನಂಬರ್ ಏನು?"

"ಹೆಂಡ್ತಿ ನಂಬರ್ ಗೊತ್ತಿಲ್ವಾ ನಿಂಗೆ!" ಎಂದರು ಅತ್ತೆ. ಆಮೇಲೆ ಒಂದೇ ಉಸಿರಿಗೆ, ಮಗ್ಗಿ ಒಪ್ಪಿಸಿದಂತೆ ಹೇಳಿಬಿಟ್ಟರು.

ಮತ್ತೆ ಕಣ್ಣು ಮುಚ್ಚಿದೆ. ಈ ವಿದ್ಯೆಗೆ ಏಕಾಗ್ರತೆ ಬೇಕು ಸ್ವಾಮಿ, ಋಷಿಗಳಿಗೆ ಬೇಕಾದಷ್ಟೇ ಬೇಕು. ನಡುವೆ ಯಾರೋ ನನ್ನ ಮೊಣಕಾಲು ತಟ್ಟಿದಂತಾಯಿತು, ತಲೆಯ ಟೋಪಿ ತೆಗೆದಂತಾಯಿತು. ಹೂಂ ಹೂಂ ಎಂದು ತಲೆಯಾಡಿಸಿದೆ. ದೊನಾಟೊ ಫೋನ್ ಮಾಡಿ ಬಂದು ವರದಿ ಒಪ್ಪಿಸಿದ.

'ಶ್ರೀಮತಿಯವರು ಸಿಕ್ಕರು. ಹುಟ್ಟು ಎಲ್ಲಿದೆ ಎಂದು ಕೇಳುತ್ತಿದ್ದಾರೆ.'

'ಬಂಡೆಯ ಮೇಲೆ, ಕಂಬವಾಗಿದೆ,' ಎಂದು ಬಡಿದೆ.

'ನೋಡಿದರಂತೆ. ಆಮೇಲೆ ತಮ್ಮ ಬಗ್ಗೆ ಕೆಲವು ಮಾತು ಹೇಳಿದರು. ಅವನ್ನು ಬಡಿಯಲು ನನಗೆ ಸಂಕೋಚ.'

'ಬೇಡ ಬಿಡಿ. ಈಗೇನು ಮಾಡುತ್ತಾಳಂತೆ?'

'ಹುಟ್ಟು ಅವರ ಬಳಿ ಇದೆ, ದೋಣಿ ತಮ್ಮ ಬಳಿ ಇದೆ. ತಮ್ಮನಿಗೆ ಫೋನ್ ಮಾಡುವುದೊಂದೇ ದಾರಿಯಂತೆ. ಮಾಡಲೇ ಎಂದು ಕೇಳುತ್ತಾರೆ. ಅವರ ದನಿ ನಡುಗುತ್ತಿದೆ, ಗೆಳೆಯಾ.'

'ಬೇಡ! ಬೇಡ! ಬೇಡ!' ಕೀಲಿ ಮುರಿಯುವ ಹಾಗೆ ಬಡಿದೆ. ಅತ್ತೆಯ ಹೊಸ ಸೊಂಟ, ಐಲಾಳ ಬೇಸಿಗೆ, ನನ್ನ ಮಾನ ಮೂರನ್ನೂ ಆ ಸಿಸಿಲಿಯವನಿಗೆ ವಿವರಿಸಿದೆ. ಆತನಿಗೂ ಅತ್ತೆ ಇದ್ದರೆಂದು ಕಾಣುತ್ತದೆ, ತಕ್ಷಣ ಕರಗಿಹೋದ. 'ಧೈರ್ಯ! ಕೊನೆಯವರೆಗೂ ಜೊತೆಗಿರುತ್ತೇನೆ. ಶ್ರೀಮತಿಯವರು ಇನ್ನೊಂದು ಕಡೆ ಫೋನಿನಲ್ಲಿ ಕಾಯುತ್ತಿದ್ದಾರೆ. ಪರಿಸ್ಥಿತಿ ಹೇಳಿ!'

'ನಡುನೀರು. ಯಾವ ದಿಕ್ಕಿನಿಂದಲೂ ನೆರವಿಲ್ಲ. ಗಾಳಿ ಒಯ್ದತ್ತ ತೇಲುತ್ತಿದ್ದೇವೆ,' ಎಂದು ಬಡಿಯುತ್ತಿದ್ದಂತೆ ದೋಣಿ ಧಡ್ ಎಂದು ಎಲ್ಲಿಗೋ ಗುದ್ದಿತು. 'ಬಂಡೆಗೆ ಬಡಿದೆವು!' ಎಂದು ಬಡಿದು ಕಣ್ಣು ಬಿಟ್ಟೆ.

ಎದುರಿಗೆ ನಮ್ಮದೇ ಮನೆಯ ದೋಣಿ ಕಟ್ಟೆ. ಕಟ್ಟೆಯ ಮೇಲೆ ಕಿವಿಗೆ ಫೋನ್ ಹಿಡಿದು ನಿಂತ ಐಲಾ. ದೋಣಿಯ ಮುಂಭಾಗದಲ್ಲಿ ಅಂಗಿಯ ತೋಳು ಮಡಚಿದ ಅತ್ತೆ, ಆಕೆಯ ಕೈಯಲ್ಲಿ ನೀರು ತೊಟ್ಟಿಕ್ಕುವ ಖಾಲಿ ತಟ್ಟೆ. ನನ್ನ ತೊಡೆಯ ಮೇಲೆ ನನ್ನದೇ ಟೋಪಿ, ಅದರ ತುಂಬ ಕಡುಬು.

"ರೀ," ಎಂದಳು ಐಲಾ ಫೋನಿನ ಮೇಲೆ ಕೈ ಮುಚ್ಚಿ. "ನಿಮ್ಮ ದೋಣಿ ಬಂಡೆಗೆ ಬಡಿದು ಹೋಯ್ತಂತೆ. ಇಲ್ಲಿ ಪಾಪ ಸಿಸಿಲಿಯೋರು ಅಳ್ತಾ ಇದ್ದಾರೆ."

"ಅತ್ತೆ... ನೀವು... ತಟ್ಟೇಲಿ?"

"ಚಿಕ್ಕಂದಿನಲ್ಲಿ ಪ್ರತಿ ಭಾನುವಾರ ಚರ್ಚಿಗೆ ಹುಟ್ಟು ಹಾಕ್ಕೊಂಡು ಹೋದವಳು ನಾನು. ಗಾಳಿನೂ ಹಿಂದಿನಿಂದ ಇತ್ತು. ಸ್ವಲ್ಪ ಪಕ್ಕಕ್ಕೆ ವಾಲಪ್ಪ ಅಂತ ಎಷ್ಟು ಸಲ ಹೇಳಿದೆ! ನೀನು ತಪಸ್ಸಿಗೆ ಕೂತಿದ್ದೆ."

ಐಲಾ ಅಮ್ಮನ ತೋಳು ಹಿಡಿದು ಕಟ್ಟೆಗೆ ಹತ್ತಿಸಿದಳು. ಕೇಳಬಾರದೆಂದುಕೊಂಡೇ ಕೇಳಿಬಿಟ್ಟಳು: "ಅಮ್ಮ, ಕಾಲೆವಿಗೆ... ಬಾ ಅಂತ ಹೇಳ್ಲಾ?"

"ಬರೋದು ಬೇಡ ಅಂತ ಹೇಳು," ಎಂದರು ಅತ್ತೆ ತಟ್ಟೆಯನ್ನು ಲಂಗಕ್ಕೆ ಒರೆಸುತ್ತ. "ನಾಳೆನೂ ಬೇಡ, ಆಮೇಲೂ ಬೇಡ. ಎಲೆ ಉದುರೋವರೆಗೂ ಇಲ್ಲೇ ಇರ್ತೀನಿ. ಏನಾದ್ರೂ ಆದ್ರೆ ದಡಕ್ಕೆ ಯಾರು ತರ್ತಾರೆ ಅಂತ ನಂಗೂ ಒಳಗೊಳಗೆ ಭಯ ಇತ್ತು ಮಗಳೇ. ಈಗ ಗೊತ್ತಾಯ್ತಲ್ಲ, ನಾನೇ ತರ್ತೀನಿ."

ಐಲಾ ಅಮ್ಮನನ್ನು ಅಪ್ಪಿಕೊಂಡು ಅಲ್ಲೇ ಗೊಳೋ ಎಂದು ಅತ್ತಳು. ಫೋನಿನಲ್ಲಿ ದೊನಾಟೊನೂ ಅಳು ಮುಂದುವರಿಸಿದ್ದ, ಕಾರಣ ಬೇರೆ ಅಷ್ಟೆ. ನಾನು ಬೇರೇನೂ ತೋಚದೆ ಟೋಪಿಯಿಂದ ಒಂದು ಕಡುಬು ತೆಗೆದು ತಿಂದೆ, ಬಹಳ ಚೆನ್ನಾಗಿತ್ತು.

"ತಿಂದಿದ್ದು ಸಾಕು, ಮೊದಲು ಆ ಮನುಷ್ಯಂಗೆ ಸರಿಯಾಗಿ ಹೇಳು," ಎಂದರು ಅತ್ತೆ. "ನೀನೇ ಹೇಳು, ನಿನ್ನ ಟಿಕ್ಕು ಟಿಕ್ಕಲ್ಲಿ."

ಹೆಡ್‌ಫೋನು ಏರಿಸಿದೆ. ಈ ಸಲ ಕಣ್ಣು ಬಿಟ್ಟುಕೊಂಡೇ ಬಡಿದೆ. 'ಎಲ್ಲರೂ ಕ್ಷೇಮ. ಬಂಡೆಯಲ್ಲ, ನಮ್ಮ ಮನೆಯ ಕಟ್ಟೆ. ಅತ್ತೆ ಕಡುಬಿನ ತಟ್ಟೆಯಲ್ಲಿ ಹುಟ್ಟು ಹಾಕಿ ದಡ ಸೇರಿಸಿದರು.'

ಸಿಸಿಲಿಯಿಂದ ಉತ್ತರ ಬಂತು: 'ಆ ಮಹಾತಾಯಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಒಂದೇ ಸಂದೇಹ, ಗೆಳೆಯಾ. ಹಾಗಾದರೆ ಆ ದೋಣಿಯಲ್ಲಿ ತಾವು ಏನಾಗಿದ್ದಿರಿ?'

ಅತ್ತೆ, ಹೆಂಡತಿ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮೂವತ್ತು ವರ್ಷದ ನನ್ನ ಅನುಭವವನ್ನೆಲ್ಲ ಬೆರಳಿಗೆ ತಂದುಕೊಂಡು, ಒಂದಕ್ಷರ ತಪ್ಪಿಲ್ಲದೆ ಬಡಿದೆ:

'ಲಗೇಜು.'